‘ಶಾಂಗ್ರಿಲಾ’ ಮನೆಯ ಆರ್ಥರ್: ಸಾಮ್ರಾಜ್ಯದ ಅವನತಿಯನ್ನು ಕುರಿತು ಒಂದು ಗ್ರಾಮೊಫೋನ್ ತಟ್ಟೆಯ ಸಾಕ್ಷ್ಯ

ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಶಾಸನಗಳೂ ಕಡತಗಳೂ ಕೈಫಿಯತ್ತುಗಳೂ ಚರ್ಚೆಗೆ ಬರುವುದು ವಾಡಿಕೆ. ಅಂಥ ಕಡೆ ಇಂಗ್ಲೆಂಡಿನ ಒಂದು ರಾಕ್ ಮೇಳದ ಗ್ರಾಮೊಫೋನ್ ತಟ್ಟೆಯನ್ನು ವಿಮರ್ಶೆಗೆ ಎತ್ತಿಕೊಂಡುದೇಕೆಂಬುದನ್ನು ಮೊದಲೇ ಹೇಳಿಬಿಡುವುದು ಉಚಿತ.

ಪದವಿ ತರಗತಿಗಳಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಅವನತಿಯನ್ನು ಬೋಧಿಸುವಾಗ ನಾವು ಕಾರಣಗಳ ಪಟ್ಟಿಯೊಂದನ್ನು ಕೊಡುತ್ತೇವೆ. ಎರಡು ಮಹಾಯುದ್ಧಗಳ ಹೊರೆ, ವಸಾಹತುಗಳಲ್ಲಿ ಎದ್ದ ರಾಷ್ಟ್ರೀಯ ಚಳವಳಿ, ಅಮೆರಿಕ ಮತ್ತು ಸೋವಿಯತ್ ರಷ್ಯಗಳ ಏಳಿಗೆ, ಪೌಂಡಿನ ದೌರ್ಬಲ್ಯ, ೧೯೫೬ರ ಸೂಯೆಜ್ ಪ್ರಕರಣ — ಹೀಗೆ ಪಟ್ಟಿ ಬೆಳೆಯುತ್ತದೆ. ವಿದ್ಯಾರ್ಥಿಗಳು ಅದನ್ನು ಬರೆಯುತ್ತಾರೆ. ನಾವು ಅಂಕ ಕೊಡುತ್ತೇವೆ. ಒಮ್ಮೆ ಒಬ್ಬ ವಿದ್ಯಾರ್ಥಿನಿ, ಸಾಮ್ರಾಜ್ಯ ಹೋದುದರಿಂದ ಇಂಗ್ಲೆಂಡಿನ ಬಡವರಿಗೆ ಆದ ನಷ್ಟವೇನು ಎಂದು ಕೇಳಿದಳು. ಆಗ ನಾವು ಏನೋ ಒಂದು ಉತ್ತರ ಹೇಳಿದೆವು. ಆ ಉತ್ತರ ನಮಗೇ ಒಪ್ಪಿಗೆಯಾಗಲಿಲ್ಲ. ‘ಬ್ರಿಟಿಷರು’ ಎಂಬ ಒಂದೇ ಬಹುವಚನದೊಳಗೆ ವೈಸರಾಯನನ್ನೂ ಲಂಡನ್ನಿನ ಕೂಲಿಕಾರನನ್ನೂ ಕೂಡಿಸಿ ಮಾತನಾಡುವ ಅಭ್ಯಾಸ ನಮಗೆ ಎಷ್ಟು ಬಲವಾಗಿ ಅಂಟಿದೆಯೆಂಬುದು ಅಂದು ತಿಳಿಯಿತು. ನಾವು ಬಹುಕಾಲದಿಂದ ಮೆಚ್ಚಿ ಕೇಳುತ್ತಿದ್ದ ಒಂದು ತಟ್ಟೆಯನ್ನು ಇತಿಹಾಸದ ಆಧಾರವೆಂದು ಮತ್ತೆ ಕೇಳಿದುದು ಆ ಬಳಿಕ. ಅದೇ ‘ಕಿಂಕ್ಸ್’ ಮೇಳದವರು ೧೯೬೯ರ ಅಕ್ಟೋಬರಿನಲ್ಲಿ ಹೊರತಂದ ‘ಆರ್ಥರ್, ಅಥವಾ ಬ್ರಿಟಿಷ್ ಸಾಮ್ರಾಜ್ಯದ ಅವನತಿ ಮತ್ತು ಪತನ’.

೧

ಕಿಂಕ್ಸ್ ಉತ್ತರ ಲಂಡನ್ನಿನ ಮಸ್ವೆಲ್ ಹಿಲ್ ಎಂಬ ಭಾಗದಲ್ಲಿ ಬೆಳೆದ ರೇ ಡೇವಿಸ್ ಮತ್ತು ಡೇವ್ ಡೇವಿಸ್ ಎಂಬ ಅಣ್ಣತಮ್ಮಂದಿರ ಮೇಳ. ೧೯೬೪ರಲ್ಲಿ ‘ಯೂ ರಿಯಲಿ ಗಾಟ್ ಮಿ’ ಎಂಬ ಹಾಡಿನಿಂದ ಅದು ಹೆಸರಾಯಿತು. ೧೯೯೬ರವರೆಗೆ, ಅಂದರೆ ಮೂವತ್ತು ವರ್ಷಗಳಿಗೂ ಮೀರಿ, ನಡೆಯಿತು. ೧೯೬೫ರಲ್ಲಿ ಅಮೆರಿಕದ ಸಂಗೀತಗಾರರ ಸಂಘದ ಅಸಮಾಧಾನಕ್ಕೆ ಗುರಿಯಾಗಿ ಈ ಮೇಳದವರು ಸುಮಾರು ನಾಲ್ಕು ವರ್ಷ ಆ ದೇಶದಲ್ಲಿ ಕಛೇರಿ ನಡೆಸಲಾಗಲಿಲ್ಲ. ಸಮಕಾಲೀನ ಮೇಳಗಳು ಅಮೆರಿಕದ ಕಡೆ ಮುಖಮಾಡಿ ಹಾಡುತ್ತಿದ್ದಾಗ ಇವರು ತಮ್ಮ ಬೀದಿಯ ಕಡೆ ನೋಡಿದರು. ೧೯೬೮ರ ಅವರ ‘ವಿಲೇಜ್ ಗ್ರೀನ್’ ತಟ್ಟೆ ಮರೆಯಾಗುತ್ತಿರುವ ಹಳ್ಳಿಯ ಇಂಗ್ಲೆಂಡನ್ನು ಕುರಿತುದು. ಅದರ ಮರುವರ್ಷ ಬಂದುದು ‘ಆರ್ಥರ್’.

ಇದು ಮೂಲತಃ ದೂರದರ್ಶನದ ನಾಟಕಕ್ಕಾಗಿ ಹುಟ್ಟಿದ ಕೃತಿ. ಗ್ರಾನಡ ಟೆಲಿವಿಷನ್ ಸಂಸ್ಥೆಗಾಗಿ ರೇ ಡೇವಿಸನೂ ಕಾದಂಬರಿಕಾರ ಜೂಲಿಯನ್ ಮಿಚೆಲನೂ ಕೂಡಿ ಕಥೆ ಕಟ್ಟಿದರು. ಹಣದ ಅಡಚಣೆಯಿಂದ ನಾಟಕ ನಿಂತುಹೋಯಿತು. ಹನ್ನೆರಡು ಹಾಡುಗಳು ಮಾತ್ರ ಉಳಿದವು. ಅದೇ ವರ್ಷದ ಮೇ ತಿಂಗಳಲ್ಲಿ ‘ದಿ ಹೂ’ ಮೇಳದ ‘ಟಾಮಿ’ ಹೊರಬಂದಿತ್ತಾದ್ದರಿಂದ, ಅದಕ್ಕೆ ಮೊದಲೇ ಕೆಲಸ ತೊಡಗಿದ್ದ ಈ ಕೃತಿ ಅದರ ಹಿಂಬಾಲಕನಂತೆ ಕಾಣಬೇಕಾಯಿತು. ಅಮೆರಿಕದ ವಿಮರ್ಶಕರು ಮೆಚ್ಚಿದರೂ ಸ್ವದೇಶದ ಮಾರಾಟದ ಪಟ್ಟಿಯಲ್ಲಿ ಇದಕ್ಕೆ ಸ್ಥಾನ ದೊರೆಯಲಿಲ್ಲ.

ತಟ್ಟೆಯ ಲಕೋಟೆಯ ಮೇಲೆ ಮಿಚೆಲ್ ಬರೆದ ಟಿಪ್ಪಣಿಯಿಂದ ಕಥೆಯ ಹಂದರ ತಿಳಿಯುತ್ತದೆ. ಆರ್ಥರ್ ಮಾರ್ಗನ್ ಲಂಡನ್ನಿನ ಹೊರಬಡಾವಣೆಯೊಂದರಲ್ಲಿ ‘ಶಾಂಗ್ರಿಲಾ’ ಎಂಬ ಹೆಸರಿನ ಮನೆಯಲ್ಲಿರುವವನು. ಅವನಿಗೆ ಒಂದು ಕೈತೋಟವುಂಟು, ಒಂದು ಕಾರುಂಟು, ರೋಸ್ ಎಂಬ ಹೆಂಡತಿಯುಂಟು. ಅವನ ಅಣ್ಣತಮ್ಮಂದಿರಲ್ಲೊಬ್ಬನಾದ ಎಡ್ಡಿ ೧೯೧೬ರಲ್ಲಿ ಸೊಮ್ ಕದನದಲ್ಲಿ ಸತ್ತ. ಆ ಹೆಸರನ್ನೇ ಇಟ್ಟಿದ್ದ ಮಗ ಕೊರಿಯದ ಯುದ್ಧದಲ್ಲಿ ಸತ್ತ. ಉಳಿದ ಮಗ ಡೆರೆಕ್ ಹೆಂಡತಿಮಕ್ಕಳೊಡನೆ ಆಸ್ಟ್ರೇಲಿಯಕ್ಕೆ ವಲಸೆ ಹೊರಟಿದ್ದಾನೆ. ಈ ಪಾತ್ರಕ್ಕೆ ಪ್ರೇರಣೆ ರೇ ಡೇವಿಸನ ಭಾವ. ಆತ ೧೯೬೪ರಲ್ಲಿ ಡೇವಿಸನ ಅಕ್ಕನೊಡನೆ ಆಸ್ಟ್ರೇಲಿಯಕ್ಕೆ ತೆರಳಿ ನೆಲೆಸಿದ. ಕಥೆಯಲ್ಲಿ ಮಗ ಹೊರಡುತ್ತಾನೆ, ತಂದೆ ಉಳಿಯುತ್ತಾನೆ. ಈ ಮಾರ್ಪಾಟು ಸಣ್ಣದಲ್ಲ. ಬಿಟ್ಟುಹೋದವನ ಮೇಲಿನ ಮುನಿಸು ಉಳಿದವನ ಮೇಲಿನ ಮರುಕವಾಗಿ ಮಾಗಿರುವುದು ಇಲ್ಲಿ ಕಾಣುತ್ತದೆ.

೨

ಕೃತಿಯ ಹೆಸರು ಗಿಬ್ಬನನನ್ನು ನೆನಪಿಗೆ ತರುತ್ತದೆ. ೧೭೭೬ರಿಂದ ೧೭೮೮ರವರೆಗೆ ಆರು ಸಂಪುಟಗಳಲ್ಲಿ ಹೊರಬಂದ ರೋಮ್ ಸಾಮ್ರಾಜ್ಯದ ಇತಿಹಾಸದಲ್ಲಿ ಗಿಬ್ಬನ್ ಚಕ್ರವರ್ತಿಗಳನ್ನೂ ಸೈನ್ಯಗಳನ್ನೂ ಮತಗಳನ್ನೂ ಒಟ್ಟಿಗೆ ನಡೆಸಿಕೊಂಡು ಹೋಗುತ್ತಾನೆ. ಅಷ್ಟು ದೊಡ್ಡ ಹೆಸರನ್ನು ರತ್ನಗಂಬಳಿ ಹಾಸಿ ಜೀವಿಸುವ ಒಬ್ಬನ ಹೆಸರಿಗೆ ‘ಅಥವಾ’ ಎಂಬ ಪದದಿಂದ ಗಂಟುಹಾಕಿರುವುದರಲ್ಲಿ ನಗೆಯಿದೆ. ಆದರೆ ಅದು ನಗೆ ಮಾತ್ರವಲ್ಲ. ಸಾಮ್ರಾಜ್ಯದ ಅವನತಿಯೂ ಆರ್ಥರನ ಬಾಳೂ ಒಂದೇ ಸಂಗತಿಗೆ ಎರಡು ಹೆಸರು ಎಂಬುದು ಆ ‘ಅಥವಾ’ದ ವಾದ. ಈ ವಾದ ನಿಲ್ಲುವುದೇ?

ಇತಿಹಾಸಜ್ಞರಲ್ಲಿ ಈ ವಿಷಯವಾಗಿ ಒಮ್ಮತವಿಲ್ಲ. ಜಾನ್ ಮೆಕೆಂಜಿ ೧೯೮೪ರ ತನ್ನ ಗ್ರಂಥದಲ್ಲಿ, ಶಾಲೆಯ ಪುಸ್ತಕ, ರಂಗಭೂಮಿ, ಜಾಹೀರಾತು, ವಸ್ತುಪ್ರದರ್ಶನ ಮೊದಲಾದುವುಗಳ ಮೂಲಕ ಸಾಮ್ರಾಜ್ಯದ ಭಾವನೆ ಸಾಮಾನ್ಯರ ಮನೆಮನೆಗೂ ಇಳಿದಿತ್ತೆಂದು ತೋರಿಸಿದ. ಬರ್ನಾರ್ಡ್ ಪೋರ್ಟರ್ ೨೦೦೪ರಲ್ಲಿ ಅದಕ್ಕೆ ಪ್ರತಿಯಾಗಿ, ಸಾಮಾನ್ಯ ಬ್ರಿಟಿಷರಿಗೆ ಸಾಮ್ರಾಜ್ಯದ ಅರಿವೂ ಆಸ್ಥೆಯೂ ನಾವು ಊಹಿಸುವುದಕ್ಕಿಂತ ಬಹಳ ಕಡಮೆಯಿತ್ತೆಂದು ವಾದಿಸಿದ. ಒಬ್ಬನ ಪ್ರಕಾರ ಆರ್ಥರ್ ಸಾಮ್ರಾಜ್ಯವಾದಿ. ಇನ್ನೊಬ್ಬನ ಪ್ರಕಾರ ಆತ ಅದನ್ನು ಬಹುಮಟ್ಟಿಗೆ ಅರಿಯದವನು. ಈ ತಟ್ಟೆಯ ಸಾಕ್ಷ್ಯ ಎರಡಕ್ಕೂ ಸರಿಯಾಗಿ ಹೊಂದುವುದಿಲ್ಲ. ಆರ್ಥರನಿಗೆ ಸಾಮ್ರಾಜ್ಯದ ನೆಲ ಗೊತ್ತಿಲ್ಲ, ಜನ ಗೊತ್ತಿಲ್ಲ, ಲಾಭ ಗೊತ್ತಿಲ್ಲ. ಆತನಿಗೆ ಗೊತ್ತಿರುವುದು ವಿಧೇಯತೆಯೊಂದೇ. ಸಾಮ್ರಾಜ್ಯವು ಹೊರಗೆ ಆಳ್ವಿಕೆಯಾಗಿ ಕಂಡಿತು; ಒಳಗೆ, ತನ್ನ ಬಡಜನರ ಪಾಲಿಗೆ, ಹೇಳಿದಂತೆ ಕೇಳುವ ಅಭ್ಯಾಸವಾಗಿ ಕಂಡಿತು. ಈ ಕೃತಿಯ ತಿರುಳು ಇದೆಂದು ನಮ್ಮ ಅಭಿಪ್ರಾಯ.

೩

ಮೊದಲ ಹಾಡು ‘ವಿಕ್ಟೋರಿಯ’. ಚುರುಕಾದ ವಿದ್ಯುತ್ ಗಿಟಾರ್, ಕುಣಿಸುವ ಲಯ, ಸುಲಭವಾಗಿ ನಾಲಗೆಗೆ ಹತ್ತುವ ಪಲ್ಲವಿ. ಕೇಳುವವನು ರಾಣಿಯ ಹೆಸರನ್ನು ತಾನೇ ಕೂಗತೊಡಗುತ್ತಾನೆ. ಹಾಡಿನೊಳಗಿನ ಹುಡುಗ ತಾನು ಬಡವನಾದರೂ ಸ್ವತಂತ್ರನೆಂದು ಹೆಮ್ಮೆಪಡುತ್ತಾನೆ. ದೊಡ್ಡವನಾದ ಮೇಲೆ ನಾಡಿಗಾಗಿ ಕಾದಾಡಿ ಸಾಯುವೆನೆಂದು ಸಂತೋಷದಿಂದ ಹೇಳುತ್ತಾನೆ. ಅದೇ ಉಸಿರಿನಲ್ಲಿ ಶ್ರೀಮಂತರ ಜಿಪುಣತನವೂ ಪ್ರಭುಗಳ ಮಹಲುಗಳೂ ಬಂದುಹೋಗುತ್ತವೆ. ಹೊಗಳಿಕೆ ಯಾವುದು, ಅಣಕ ಯಾವುದು ಎಂದು ಬಿಡಿಸಲು ಹೋದರೆ ಕೈಗೆ ಸಿಕ್ಕುವುದಿಲ್ಲ. ಭಕ್ತಿ ಹುಟ್ಟುವುದೇ ಹೀಗಲ್ಲವೆ? ಅರ್ಥಕ್ಕೆ ಮೊದಲು ಲಯ ಮನಸ್ಸನ್ನು ಹಿಡಿದಿರುತ್ತದೆ. ಪ್ರಚಾರದ ಮಾರ್ಗವನ್ನು ಕುರಿತು ಪುಟಗಟ್ಟಲೆ ವಿವರಿಸುವುದನ್ನು ಈ ಹಾಡು ಮೂರು ಮುಕ್ಕಾಲು ನಿಮಿಷದಲ್ಲಿ ಮಾಡಿ ತೋರಿಸುತ್ತದೆ.

ಎರಡನೆಯ ಹಾಡಿನಲ್ಲಿ ಆ ಹುಡುಗ ಸಿಪಾಯಿಯಾಗಿದ್ದಾನೆ. ‘ಯೆಸ್ ಸರ್, ನೋ ಸರ್’ ಎಂಬ ಹೆಸರೇ ವಿಷಯವನ್ನು ಹೇಳುತ್ತದೆ. ಕವಾಯತಿನ ನಡೆಯಲ್ಲಿ ಸಾಗುವ ಈ ಹಾಡಿನಲ್ಲಿ ಆತ ಮಾತನಾಡಲು, ಕೊನೆಗೆ ಉಸಿರಾಡಲು ಸಹ ಅಪ್ಪಣೆ ಬೇಡುತ್ತಾನೆ. ನಡುವೆ ಅಧಿಕಾರಿಯ ದನಿಯೊಂದು ಬರುತ್ತದೆ: ಇಂಥವನ ಕೈಗೆ ಬಂದೂಕು ಕೊಟ್ಟರಾಯಿತು, ಸತ್ತರೆ ಹೆಂಡತಿಗೊಂದು ಪದಕ ಕಳುಹಿಸಿದರಾಯಿತು ಎಂಬುದು ಅದರ ಧೋರಣೆ. ಹಿಂದಿನ ಹಾಡಿನ ‘ಸ್ವತಂತ್ರ’ ಇಲ್ಲಿ ಏನಾದನೆಂಬುದನ್ನು ಕವಿ ತಾನಾಗಿ ಹೇಳುವುದಿಲ್ಲ. ಎರಡು ಹಾಡುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಸುಮ್ಮನಾಗುತ್ತಾನೆ.

ಮೂರನೆಯದು ‘ಸಮ್ ಮದರ್ಸ್ ಸನ್’. ಇಡೀ ತಟ್ಟೆಯಲ್ಲಿ ಇದಕ್ಕಿಂತ ಶಾಂತವಾದ, ಇದಕ್ಕಿಂತ ಕಠಿಣವಾದ ಹಾಡು ಇಲ್ಲ. ರಣರಂಗದಲ್ಲಿ ಹುಡುಗನೊಬ್ಬ ಸತ್ತು ಬಿದ್ದಿದ್ದಾನೆ. ಮನೆಯಲ್ಲಿ ತಾಯಿ ಅವನ ಚಿತ್ರಕ್ಕೆ ಚೌಕಟ್ಟು ಹಾಕಿಸಿಟ್ಟಿದ್ದಾಳೆ. ಯಾವ ಯುದ್ಧ, ಯಾವ ಪಕ್ಷ, ಯಾವ ದೇಶ ಎಂಬುದಕ್ಕೆ ಹಾಡಿನಲ್ಲಿ ಗುರುತಿಲ್ಲ. ಸೊಮ್ ಕದನದ ಮೊದಲ ದಿನವೊಂದರಲ್ಲೇ ೧೯,೦೦೦ಕ್ಕೂ ಹೆಚ್ಚು ಬ್ರಿಟಿಷ್ ಸೈನಿಕರು ಸತ್ತರೆಂದು ನಾವು ಪಾಠದಲ್ಲಿ ಹೇಳುತ್ತೇವೆ. ಅಂಕೆ ನಿಜ, ಆದರೆ ಅಂಕೆಗೆ ತಾಯಿಯಿಲ್ಲ.

ಇದರ ಅನಂತರ ಮೂರು ಹಾಡುಗಳು. ‘ಡ್ರೈವಿನ್’ ಹೊರಗೆ ಜಗತ್ತೇ ಕಾದಾಡುತ್ತಿರುವಾಗ ಬುತ್ತಿ ಕಟ್ಟಿಕೊಂಡು ಕಾರಿನಲ್ಲಿ ವಿಹಾರ ಹೊರಡುವ ಸಂಸಾರದ ಚಿತ್ರ. ಸ್ಪೇನಿನವರ, ಚೀನದವರ ಹೊಡೆದಾಟದ ಪ್ರಸ್ತಾಪದಿಂದ ಕಾಲ ಎರಡನೆಯ ಮಹಾಯುದ್ಧದ ಹಿಂದಿನ ವರ್ಷಗಳೆಂದು ಊಹಿಸಬಹುದು. ‘ಬ್ರೈನ್‌ವಾಷ್ಡ್’ ನಮಗೆ ಅಷ್ಟಾಗಿ ರುಚಿಸಲಿಲ್ಲ. ಉಳಿದ ಹಾಡುಗಳು ತೋರಿಸಿ ಬಿಡುವುದನ್ನು ಅದು ಬೈದು ಹೇಳುತ್ತದೆ. ಆರ್ಥರನನ್ನು ಮೇಲೆ ನಿಂತು ನೋಡುತ್ತದೆ. ‘ಆಸ್ಟ್ರೇಲಿಯ’ ವಲಸೆಯ ಜಾಹೀರಾತಿನ ಧಾಟಿಯಲ್ಲಿ ತೊಡಗಿ, ಮಾತು ಮುಗಿದ ಮೇಲೆಯೂ ವಾದ್ಯಗಳಲ್ಲಿ ಬಹಳ ಹೊತ್ತು ಸಾಗುತ್ತದೆ. ಈ ದೀರ್ಘತೆ ಬೇಸರ ತರುವಂಥದೆಂಬುದನ್ನು ಒಪ್ಪಲೇಬೇಕು. ಆದರೆ ಜಾಹೀರಾತು ಹೇಳಬೇಕಾದ್ದೆಲ್ಲ ಹೇಳಿಯಾದ ಮೇಲೆ ಉಳಿಯುವ ಬಯಲು ಇದೇ ಎಂದು ಕೇಳಿದರೆ ಅದಕ್ಕೂ ಒಂದು ಅರ್ಥ ದೊರೆಯುತ್ತದೆ.

೪

ತಟ್ಟೆಯ ಎರಡನೆಯ ಮುಖ ‘ಶಾಂಗ್ರಿಲಾ’ದಿಂದ ಆರಂಭವಾಗುತ್ತದೆ. ಕೃತಿಯ ಶಿಖರವಿದು. ಶಾಂಗ್ರಿಲಾ ಎಂಬುದು ೧೯೩೩ರಲ್ಲಿ ಜೇಮ್ಸ್ ಹಿಲ್ಟನ್ ಬರೆದ ‘ಲಾಸ್ಟ್ ಹೊರೈಜನ್’ ಕಾದಂಬರಿಯಲ್ಲಿ ಬರುವ, ಟಿಬೆಟ್ಟಿನ ಬೆಟ್ಟಗಳ ನಡುವಣ ಕಲ್ಪಿತ ತಾಣ. ಮುಪ್ಪು ಬೇಗ ಮುಟ್ಟದ, ಯುದ್ಧ ತಟ್ಟದ ನೆಲೆ. ಆ ಹೆಸರು ಈಗ ಲಂಡನ್ನಿನ ಬಡಾವಣೆಯ ಒಂದು ಗೇಟಿನ ಮೇಲೆ ಹಲಗೆಯಾಗಿ ತೂಗುತ್ತಿದೆ. ಬೀದಿಯ ಮನೆಗಳೆಲ್ಲ ಒಂದೇ ಅಚ್ಚಿನವು. ಒಂದನ್ನು ಇನ್ನೊಂದರಿಂದ ಬೇರ್ಪಡಿಸುವುದಕ್ಕೆ ಹೆಸರು ಬೇಕಾಗಿದೆ. ಏಷ್ಯದ ಪರ್ವತಗಳಿಂದ ಆರ್ಥರನ ಕೈಗೆ ಬಂದ ಪಾಲು ಇಷ್ಟೇ, ಒಂದು ಹೆಸರು.

ಹಾಡು ಮೆಲ್ಲನೆ, ಬರಿಯ ಗಿಟಾರಿನಿಂದ ತೊಡಗುತ್ತದೆ. ತೂಗುಕುರ್ಚಿ, ಬೆಂಕಿಗೂಡಿನ ಬಳಿಯ ಚಪ್ಪಲಿ, ದುಡಿದು ಪಡೆದ ವಿಶ್ರಾಂತಿ. ಕ್ರಮೇಣ ಹಿತ್ತಾಳೆ ವಾದ್ಯಗಳು ಸೇರಿಕೊಂಡು ದನಿ ಏರುತ್ತದೆ. ಮನೆಯ ಮೇಲಿನ ಸಾಲ, ಕಾರಿನ ಕಂತು, ನೀರಿನ ತೆರಿಗೆ, ಗ್ಯಾಸಿನ ಬಿಲ್ಲು ಒಂದೊಂದಾಗಿ ಎದ್ದು ನಿಲ್ಲುತ್ತವೆ. ನಡುವೆ ಲಯ ಒಮ್ಮೆಲೆ ಬಿರುಸಾಗಿ ನೆರೆಹೊರೆಯವರ ಆಗಮನವನ್ನು ಹಾಡುತ್ತದೆ. ಮತ್ತೆ ಮೊದಲಿನ ಮೆಲುದನಿಗೆ ಇಳಿಯುತ್ತದೆ. ಈ ಏರಿಳಿತದಲ್ಲಿ ಕವಿಯ ನಿಲುವೂ ಓಲಾಡುತ್ತದೆ. ಆರ್ಥರನ ಮನೆಯನ್ನು ಆತ ಹೀಯಾಳಿಸುತ್ತಿದ್ದಾನೆಂದು ನಂಬುವಷ್ಟರಲ್ಲಿ, ಆ ಮನೆ ಅವನಿಗೆಷ್ಟು ಬೆಲೆಯುಳ್ಳದ್ದೆಂಬುದನ್ನು ಕಾಣಿಸಿಬಿಡುತ್ತಾನೆ. ಬಾಡಿಗೆಯ ಕೋಣೆಯಲ್ಲಿ ಹುಟ್ಟಿದವನಿಗೆ ಸ್ವಂತ ಬೆಂಕಿಗೂಡು ಹಾಸ್ಯದ ವಸ್ತುವಲ್ಲ. ಸಾಲ ಮಾಡಿ ಮನೆ ಕಟ್ಟಿ ಅದಕ್ಕೊಂದು ‘ನಿಲಯ’ವೆಂದೋ ‘ಕೃಪೆ’ಯೆಂದೋ ಹೆಸರು ಕೆತ್ತಿಸುವ ನಮ್ಮ ವರ್ಗದ ಕೇಳುಗರು ಇಲ್ಲಿ ನಗುವ ಮೊದಲು ತುಸು ಯೋಚಿಸುವುದು ಲೇಸು.

ಆ ಬಳಿಕ ಹಾಡುಗಳು ಹಿಂದಕ್ಕೆ ಸರಿಯುತ್ತವೆ. ‘ಮಿಸ್ಟರ್ ಚರ್ಚಿಲ್ ಸೇಸ್’ ಯುದ್ಧಕಾಲದ್ದು. ಕಾಲಾನುಕ್ರಮ ತಪ್ಪಿತೆಂದು ಇತಿಹಾಸದ ಅಧ್ಯಾಪಕ ಆಕ್ಷೇಪಿಸಬಹುದು. ಆದರೆ ತೂಗುಕುರ್ಚಿಯಲ್ಲಿ ಕುಳಿತವನ ನೆನಪು ಇಸವಿಗಳ ಸಾಲು ಹಿಡಿದು ನಡೆಯುವುದಿಲ್ಲ. ಈ ಹಾಡಿನ ತುಂಬ ‘ಇಂಥವರು ಹೀಗೆ ಹೇಳುತ್ತಾರೆ’ ಎಂಬ ವಾಕ್ಯವೇ ಬೇರೆ ಬೇರೆ ಹೆಸರುಗಳೊಡನೆ ಮರಳಿ ಬರುತ್ತದೆ. ಚರ್ಚಿಲ್ ಹೇಳುತ್ತಾನೆ, ಬೀವರ್‌ಬ್ರೂಕ್ ಹೇಳುತ್ತಾನೆ, ಮಾಂಟ್ಗೊಮರಿ ಹೇಳುತ್ತಾನೆ, ಮೌಂಟ್‌ಬ್ಯಾಟನ್ ಹೇಳುತ್ತಾನೆ. ಆರ್ಥರ್ ಏನೂ ಹೇಳುವುದಿಲ್ಲ. ನಡುವೆ ವೈಮಾನಿಕ ದಾಳಿಯ ಎಚ್ಚರಿಕೆಯ ಕೂಗು ಮೊಳಗಿ ಹಾಡು ಓಟಕ್ಕೆ ತಿರುಗುತ್ತದೆ. ಮೌಂಟ್‌ಬ್ಯಾಟನ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ಭಾರತದ ಕೇಳುಗನ ಮನಸ್ಸು ೧೯೪೭ಕ್ಕೆ ಹಾರುತ್ತದೆ. ದೆಹಲಿ, ದೇಶವಿಭಜನೆ, ನಿರಾಶ್ರಿತರ ರೈಲುಗಳು ಕಣ್ಮುಂದೆ ಬರುತ್ತವೆ. ಹಾಡಿನಲ್ಲಿ ಅದಾವುದೂ ಇಲ್ಲ. ಅಲ್ಲಿ ಅವನು ಆಜ್ಞೆ ಕೊಡುವ ದೊಡ್ಡವರಲ್ಲಿ ಇನ್ನೊಬ್ಬ, ಅಷ್ಟೆ. ಒಂದೇ ಹೆಸರು ಎರಡು ಜನಗಳಿಗೆ ಎರಡು ಇತಿಹಾಸ.

‘ಷೀ ಈಸ್ ಬಾಟ್ ಎ ಹ್ಯಾಟ್ ಲೈಕ್ ಪ್ರಿನ್ಸೆಸ್ ಮರೀನಾ’ ಮೇಲುನೋಟಕ್ಕೆ ಹಾಸ್ಯದ ಹಾಡು. ಬಡ ಹೆಂಗಸು ರಾಜಕುಮಾರಿಯ ಟೋಪಿಯಂಥ ಟೋಪಿ ಕೊಂಡು ಅದನ್ನು ಧರಿಸಿಯೇ ಮನೆಗೆಲಸ ಮಾಡುತ್ತಾಳೆ. ಗಂಡನೊಬ್ಬ ಆಂಟನಿ ಈಡನ್ನನ ಟೋಪಿಯಂಥದನ್ನು ಕೊಂಡು ಪ್ರಭುವಿನಂತೆ ಬೀಗುತ್ತಾನೆ. ಕೊಳ್ಳಲು ಸಾಧ್ಯವಾಗುವುದು ಮಾತ್ರ ಹಳೆಯ ಫೋರ್ಡ್ ಕಾರು. ಗಂಭೀರವಾಗಿ ತೊಡಗಿದ ಸಂಗೀತ ಹಳೆಯ ಮ್ಯೂಸಿಕ್ ಹಾಲ್ ರಂಜನೆಯ ಕುಣಿತಕ್ಕೆ ಜಾರುತ್ತದೆ. ಹಾಡು ಸೂಯೆಜನ್ನು ಹೆಸರಿಸುವುದಿಲ್ಲ. ಆದರೆ ೧೯೬೯ರಲ್ಲಿ ಈಡನ್ ಎಂಬ ಹೆಸರನ್ನು ಕೇಳಿದ ಬ್ರಿಟಿಷ್ ಕೇಳುಗನಿಗೆ ೧೯೫೬ ನೆನಪಾಗದೆ ಇರಲಾರದು. ಟೋಪಿಯ ಯಜಮಾನನ ಮರ್ಯಾದೆಯೇ ಹೋದ ಮೇಲೂ ಟೋಪಿ ಉಳಿದಿದೆ.

ಮುಂದಿನ ಎರಡು ಹಾಡುಗಳಲ್ಲಿ ಒಂದು ಕಳೆದ ಯೌವನದ ಹಂಬಲ. ಇನ್ನೊಂದು ತಂದೆಮಕ್ಕಳು ಎದುರುಬದುರು ಕುಳಿತು ಆಡಲು ಮಾತಿಲ್ಲದಿರುವ ಸನ್ನಿವೇಶ. ಜೀವಮಾನವೆಲ್ಲ ಬೇರೆಯವರು ಹೇಳಿದ್ದನ್ನು ಕೇಳಿದವನಿಗೆ ಮಗನಿಗೆ ಹೇಳಲು ಏನು ಉಳಿದೀತು? ಕೊನೆಯ ಹಾಡು ‘ಆರ್ಥರ್’. ಜಗತ್ತು ಅವನನ್ನು ಹಿಂದೆ ಬಿಟ್ಟು ಹೋಯಿತೆಂದು ಅದು ಮರೆಮಾಚದೆ ಹೇಳುತ್ತದೆ. ಆದರೆ ಹೇಳುವ ಲಯ ಉಲ್ಲಾಸದ್ದು, ದನಿ ಮಮತೆಯದು. ನಿನ್ನನ್ನು ಅರಿತವರು ಇದ್ದಾರೆ, ಪ್ರೀತಿಸುವವರು ಇದ್ದಾರೆ ಎಂಬ ಭಾವದಲ್ಲಿ ಕೃತಿ ಮುಗಿಯುತ್ತದೆ.

೫

ಆಧಾರವನ್ನು ತೂಗುವಾಗ ಅದು ಹೇಳಿದುದನ್ನಷ್ಟೇ ನೋಡಿದರೆ ಸಾಲದು. ಹೇಳದೆ ಬಿಟ್ಟುದನ್ನೂ ನೋಡಬೇಕು. ಸಾಮ್ರಾಜ್ಯದ ಪತನವನ್ನು ಕುರಿತ ಈ ಕೃತಿಯಲ್ಲಿ ಸಾಮ್ರಾಜ್ಯಕ್ಕೆ ಒಳಗಾದವನೊಬ್ಬನೂ ಇಲ್ಲ. ಭಾರತದ ಹೆಸರು ‘ವಿಕ್ಟೋರಿಯ’ ಹಾಡಿನಲ್ಲಿ, ರಾಣಿ ಪ್ರೀತಿಸಿದ ನಾಡುಗಳ ಪಟ್ಟಿಯಲ್ಲಿ, ಕೆನಡದ ಜೊತೆಗೆ ಸುಳಿದು ಹೋಗುತ್ತದೆ. ಆ ರಾಣಿಯ ಅಮೃತಶಿಲೆಯ ಪ್ರತಿಮೆ ೧೯೦೬ರಿಂದ ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಚಿನಲ್ಲಿ ನಿಂತಿದೆ. ಆ ದಾರಿಯಲ್ಲಿ ಓಡಾಡುವ ನಮಗೂ ಅವಳು ಒಂದು ಹೆಸರು, ಒಂದು ಕಲ್ಲು. ‘ಸಮ್ ಮದರ್ಸ್ ಸನ್’ ಕೇಳುವಾಗ ನಾವು ಇನ್ನೊಂದು ಸ್ಮಾರಕವನ್ನು ನೆನೆಯದಿರಲಾರೆವು. ೧೯೧೮ರ ಸೆಪ್ಟೆಂಬರ್ ೨೩ರಂದು ಹೈಫಾ ನಗರವನ್ನು ಗೆದ್ದ ಅಶ್ವದಳಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಒಂದು. ಆ ಮಹಾಯುದ್ಧದಲ್ಲಿ ಮಡಿದ ಅದರ ಸವಾರರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಆ ಯುದ್ಧದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಕಡಲಾಚೆ ಸೇವೆ ಸಲ್ಲಿಸಿದರು. ಎರಡನೆಯ ಯುದ್ಧದಲ್ಲಿ ಭಾರತದ ಸೈನ್ಯ ಸುಮಾರು ೨೫ ಲಕ್ಷಕ್ಕೆ ಬೆಳೆಯಿತು. ಅಪ್ಪಣೆಯ ಭಾಷೆ ಅವರಿಗೂ ಅದೇ ಆಗಿತ್ತು. ಆರ್ಥರನ ಎಡ್ಡಿಗೂ ಅವರಿಗೂ ಇದ್ದ ವ್ಯತ್ಯಾಸವೆಂದರೆ, ‘ಬಡವನಾದರೂ ಸ್ವತಂತ್ರ’ ಎಂಬ ಹೆಮ್ಮೆಯ ಅರ್ಧಭಾಗವೂ ಅವರಿಗೆ ದೊರೆತಿರಲಿಲ್ಲ.

‘ಆಸ್ಟ್ರೇಲಿಯ’ ಹಾಡಿನಲ್ಲಿಯೂ ಇಂಥದೇ ಮೌನ. ವರ್ಗಭೇದವಿಲ್ಲದ ನಾಡೆಂದು ಅದು ಕರೆಯುತ್ತದೆ. ಬ್ರಿಟಿಷ್ ವಯಸ್ಕರು ಹತ್ತು ಪೌಂಡು ತೆತ್ತು ಅಲ್ಲಿಗೆ ಹೋಗಬಹುದಾಗಿದ್ದ ಯೋಜನೆ ಆರಂಭವಾದುದು ೧೯೪೭ರಲ್ಲಿ. ತಟ್ಟೆ ಹೊರಬಂದ ೧೯೬೯ರಲ್ಲಿ ಆ ವಲಸೆ ಅತ್ಯುನ್ನತ ಮಟ್ಟ ಮುಟ್ಟಿ, ಒಂದೇ ವರ್ಷದಲ್ಲಿ ೮೦,೦೦೦ಕ್ಕೂ ಹೆಚ್ಚು ಮಂದಿ ಹೋದರು. ಆದರೆ ಬಿಳಿಯರಲ್ಲದವರನ್ನು ಹೊರಗಿಡಲು ೧೯೦೧ರಲ್ಲಿ ಶಾಸನವಾಗಿ ರೂಪುಗೊಂಡ ನೀತಿ ೧೯೬೦ರ ದಶಕದಲ್ಲಿ ಸಡಿಲವಾಗುತ್ತ ಬಂದರೂ ಪೂರ್ಣವಾಗಿ ಅಳಿದುದು ೧೯೭೩ರಲ್ಲಿ. ಡೆರೆಕನ ಸಂಸಾರಕ್ಕೆ ತೆರೆದಿದ್ದ ಬಾಗಿಲು ಮೈಸೂರಿನ ಆ ಸವಾರನ ಮೊಮ್ಮಗನಿಗೆ ಅಷ್ಟು ಅಗ್ಗವಾಗಿ, ಅಷ್ಟು ಸುಲಭವಾಗಿ ತೆರೆದಿರಲಿಲ್ಲ. ಆ ವೇಳೆಗೆ ಲಂಡನ್ನಿನ ಬೀದಿಗಳಲ್ಲಿ ವೆಸ್ಟ್ ಇಂಡೀಸಿನವರೂ ಭಾರತೀಯರೂ ನೆಲೆಸಿದ್ದರು. ೧೯೬೮ರಲ್ಲಿ ಕಾಮನ್‌ವೆಲ್ತ್ ವಲಸಿಗರನ್ನು ತಡೆಯುವ ಹೊಸ ಶಾಸನವೇ ಬಂದಿತ್ತು. ಶಾಂಗ್ರಿಲಾದ ಕಿಟಕಿಯಿಂದ ಅವರಾರೂ ಕಾಣುವುದಿಲ್ಲ. ಇನ್ನು ರೋಸ್: ಆರ್ಥರನೊಡನೆ ಬಾಳು ಸವೆಸಿದ ಅವಳ ಹೆಸರಿನಲ್ಲಿ ಒಂದು ಹಾಡೂ ಇಲ್ಲ.

ಇವು ಕೃತಿಯ ದೋಷಗಳೆ? ಒಂದು ಮಟ್ಟಿಗೆ ಹೌದು. ಅಷ್ಟು ವಿಶಾಲವಾದ ಹೆಸರನ್ನಿಟ್ಟುಕೊಂಡ ಕೃತಿ ಆ ಕಡೆಗೂ ಒಮ್ಮೆ ಕಣ್ಣು ಹಾಯಿಸಬೇಕಾಗಿತ್ತು. ಆದರೆ ಸಾಕ್ಷ್ಯವೆಂಬ ದೃಷ್ಟಿಯಿಂದ ಈ ಮೌನವೇ ಬೆಲೆಯುಳ್ಳದ್ದು. ಯಾರ ಹೆಸರಿನಲ್ಲಿ ನಮ್ಮನ್ನು ಆಳಲಾಯಿತೋ ಅವರ ಕಣ್ಣಿಗೆ ನಾವು ಬೀಳಲೇ ಇಲ್ಲ ಎಂಬುದನ್ನು ಇದಕ್ಕಿಂತ ಪ್ರಾಮಾಣಿಕವಾಗಿ ಹೇಳುವ ಆಧಾರ ವಿರಳ.

೬

ಆರ್ಥರನ ಮೇಲೆ ಮರುಕ ತೋರಿದರೆ ಸಾಮ್ರಾಜ್ಯವನ್ನು ಕ್ಷಮಿಸಿದಂತಾಗುವುದಿಲ್ಲವೆ ಎಂಬ ಶಂಕೆ ಸಹಜ. ನಮಗೆ ಹಾಗೆ ತೋರುವುದಿಲ್ಲ. ಹೊರಗಿನವರನ್ನು ದೋಚಿದ ವ್ಯವಸ್ಥೆ ಒಳಗಿನವರಿಗೆ ಹಂಚಿದುದು ಒಂದು ಪದಕ, ಒಂದು ಟೋಪಿ, ಗೇಟಿನ ಮೇಲೊಂದು ಹೆಸರು ಎಂದು ತಿಳಿದಾಗ ಅದರ ಮೇಲಣ ಆರೋಪ ಹಗುರಾಗುವುದಿಲ್ಲ, ಇನ್ನಷ್ಟು ಭಾರವಾಗುತ್ತದೆ. ನಿಜ, ಸಾಮ್ರಾಜ್ಯದ ವ್ಯಾಪಾರದಿಂದ ಆರ್ಥರನ ಚಹಾ ಅಗ್ಗವಾಗಿದ್ದಿರಬಹುದು. ಅವನು ಸಂಪೂರ್ಣ ನಿರ್ದೋಷಿಯೆಂದು ಹೇಳುವ ಹಕ್ಕು ನಮಗಿಲ್ಲ. ಆದರೆ ವಿಧೇಯತೆಯ ಅಪರಾಧ ಬೇರೆ, ಆಜ್ಞೆಯ ಅಪರಾಧ ಬೇರೆ. ಈ ಎರಡನ್ನೂ ಬೇರ್ಪಡಿಸಿ ತೂಗುವುದು ಇತಿಹಾಸಕಾರನ ಕೆಲಸ. ಪಠ್ಯದ ಪಟ್ಟಿಗಳು ಅದಕ್ಕೆ ನಮ್ಮನ್ನು ಅಣಿಗೊಳಿಸುವುದಿಲ್ಲ.

ಸಾಮ್ರಾಜ್ಯ ಹೋದುದರಿಂದ ಅಲ್ಲಿನ ಬಡವರಿಗೆ ಆದ ನಷ್ಟವೇನೆಂದು ಕೇಳಿದ ಆ ವಿದ್ಯಾರ್ಥಿನಿ ಈಗ ನಮ್ಮ ಕಾಲೇಜಿನಲ್ಲಿಲ್ಲ. ಅವಳಿಗೆ ಅಂದು ಹೇಳಬೇಕಾಗಿದ್ದ ಉತ್ತರ ಬಹುಶಃ ಇದು: ಅವರು ಕಳೆದುಕೊಂಡುದು ಆಸ್ತಿಯನ್ನಲ್ಲ, ಆಸ್ತಿ ಅವರದಾಗಿರಲೇ ಇಲ್ಲ. ತಾವು ವಿಧೇಯರಾಗಿ ನಡೆದುಕೊಂಡುದಕ್ಕೆ ಏನೋ ಒಂದು ಅರ್ಥವಿತ್ತೆಂಬ ನಂಬಿಕೆಯನ್ನು ಕಳೆದುಕೊಂಡರು. ಮುಂದಿನ ವರ್ಷ ಈ ಪಾಠ ಬಂದಾಗ ಕಾರಣಗಳ ಪಟ್ಟಿಯನ್ನು ಕೊಡುವುದಕ್ಕೆ ಮುಂಚೆ ಈ ತಟ್ಟೆಯ ಮೊದಲ ಮೂರು ಹಾಡುಗಳನ್ನು ತರಗತಿಯಲ್ಲಿ ಕೇಳಿಸಬೇಕೆಂದಿದ್ದೇವೆ.